ಎರಡನೆಯ ಡಿಸ್ಕ್

ಪ್ರಿಯ ಮಿತ್ರ,

ನಿನ್ನ ಲಕೋಟೆ ಬಂದು ಹದಿನೆಂಟು ದಿನಗಳಾದವು. ಕಣ್ಣಿನ ಪೊರೆ ತೆಗೆಸಿಕೊಂಡಿರುವುದರಿಂದ ದಿನಕ್ಕೆ ನಾಲ್ಕು ಪುಟಕ್ಕಿಂತ ಹೆಚ್ಚು ಓದಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿದೆ. 62 ಪುಟಗಳ ಹಸ್ತಪ್ರತಿಗೆ ಅಷ್ಟು ದಿನ ಹಿಡಿಯಿತು. ಜೊತೆಗಿದ್ದ ಪತ್ರವನ್ನು ಮಾತ್ರ ಅಪ್ಪಣೆ ಮೀರಿ ಒಂದೇ ಉಸಿರಿಗೆ ಓದಿದೆ. ಇನ್ನು ಬರೆಯುವುದಿಲ್ಲ ಎಂದು ಅದರಲ್ಲಿ ಮೂರು ಕಡೆ ಬರೆದಿದ್ದೀಯ. ಬರೆಯುವುದಿಲ್ಲ ಎಂಬುದನ್ನೇ ಇಷ್ಟು ಹುರುಪಿನಿಂದ ಬರೆಯುವವನ ಮಾತನ್ನು ನಾನು ನಂಬುವುದಿಲ್ಲ.

ಪತ್ರಿಕೆಯವರು ‘ನಮ್ಮ ಓದುಗರಿಗೆ ಇದು ಹೊಂದುವುದಿಲ್ಲ’ ಎಂದು ಒಂದು ಸಾಲು ಗೀಚಿ ಹಿಂದಿರುಗಿಸಿದರು ಎಂಬುದು ನಿನ್ನ ಸಂಕಟ. ಒಂದು ಸಾಲಾದರೂ ಬರೆದರಲ್ಲ, ಪುಣ್ಯವಂತರು. ಇನ್ನು ಅಧ್ಯಾಯ ಹೇಗೆ ಒಡೆಯಬೇಕು, ಎಷ್ಟು ಉದ್ದವಿರಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂದೆಲ್ಲ ಎಂಟು ಪ್ರಶ್ನೆ ಕೇಳಿದ್ದೀಯ. ಒಂದಕ್ಕೂ ಉತ್ತರಿಸುವುದಿಲ್ಲ. ಅವೆಲ್ಲ ಬರೆಯುತ್ತ ಬರೆಯುತ್ತ ಕೈಗೆ ಹತ್ತುವ ಕೆಲಸಗಳು. ಹತ್ತದಿದ್ದರೂ ಚಿಂತೆಯಿಲ್ಲ, ತಿದ್ದಿಕೊಡುವವರು ಊರಿಗೊಬ್ಬರಿದ್ದಾರೆ.

ನಿನ್ನ ಹಸ್ತಪ್ರತಿಗೆ ಬರುತ್ತೇನೆ. 1977ರಲ್ಲಿ ಶುರುವಾದ ‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ಬಾಹ್ಯಾಕಾಶ ಸಾಹಸ ಚಿತ್ರಗಳ ಸರಣಿಯ ಮೂರು ಪೂರ್ವಕಥೆಗಳು, ಅಂದರೆ 1999ರ ‘ದ ಫ್ಯಾಂಟಮ್ ಮೆನೇಸ್’, 2002ರ ‘ಅಟ್ಯಾಕ್ ಆಫ್ ದ ಕ್ಲೋನ್ಸ್’, 2005ರ ‘ರಿವೆಂಜ್ ಆಫ್ ದ ಸಿತ್’, ಜನ ಆಡಿಕೊಂಡಷ್ಟು ಕೆಟ್ಟವಲ್ಲ ಎಂದು ಸಾಧಿಸಲು ಹೊರಟಿದ್ದೀಯ. ಈ ಜಗಳದ ಕಾಗದಪತ್ರಗಳನ್ನೆಲ್ಲ ಒಟ್ಟುಮಾಡಿದ್ದೀಯ, ಒಪ್ಪಿದೆ. 1998ರ ಕೊನೆಯಲ್ಲಿ ಮೊದಲ ಪೂರ್ವಕಥೆಯ ಟ್ರೈಲರ್ ನೋಡುವುದಕ್ಕೆಂದೇ ಬೇರೆ ಚಿತ್ರದ ಟಿಕೆಟ್ ಕೊಂಡು, ಅದು ಮುಗಿದೊಡನೆ ಎದ್ದು ಹೋದ ಅಮೆರಿಕದ ಅಭಿಮಾನಿಗಳು ಇದ್ದಾರೆ. ಚಿತ್ರ ಬಂದ ಮೇಲೆ ತಮ್ಮ ಬಾಲ್ಯವನ್ನೇ ಯಾರೋ ಕದ್ದೊಯ್ದರೆಂದು ಗೋಳಾಡಿದವರಿದ್ದಾರೆ. ಅದರ ಕೋಡಂಗಿ ಪಾತ್ರ ಜಾರ್ ಜಾರ್ ಬಿಂಕ್ಸ್‌ನನ್ನು ಆದಷ್ಟೂ ಕತ್ತರಿಸಿ ತೆಗೆದ, ಕೈಯಿಂದ ಕೈಗೆ ದಾಟಿದ ವಿಡಿಯೊ ಪ್ರತಿ ಇದೆ. ಮೊದಲ ಪೂರ್ವಕಥೆಯನ್ನು ಬಿಟ್ಟೇಬಿಟ್ಟು, ಹಳೆಯ ಮೂರು ಚಿತ್ರಗಳನ್ನು ನಾಲ್ಕರಿಂದ ಆರೆಂದು ಎಣಿಸಿ, ನಾಲ್ಕು, ಐದು, ಎರಡು, ಮೂರು, ಆರು ಎಂಬ ಕ್ರಮದಲ್ಲಿ ನೋಡಿರೆಂಬ 2011ರ ಸೂತ್ರ ಇದೆ. ‘ಫ್ಯಾಂಟಮ್ ಮೆನೇಸ್’ ಚಿತ್ರದ ಅರ್ಧಕ್ಕಿಂತ ಉದ್ದವಾದ, 70 ನಿಮಿಷ ಅದನ್ನು ಜಾಲಾಡಿದ 2009ರ ವಿಡಿಯೊ ವಿಮರ್ಶೆಯೂ ಇದೆ. ಅದಕ್ಕೆ ನೀನು ಒಂಬತ್ತು ಪುಟಗಳ ಉತ್ತರ ಕೊಟ್ಟಿದ್ದೀಯ, ನಿಮಿಷ ನಿಮಿಷಕ್ಕೆ. ಮಾರಾಯ, ಅದನ್ನು ಓದಿದ್ದು ನನ್ನ ಒಂದು ಕಣ್ಣು.

ಎದುರು ಪಕ್ಷ ಮುಗಿದ ಮೇಲೆ ನಿನ್ನ ಪಕ್ಷದ ಸಾಕ್ಷಿಗಳು ಒಬ್ಬೊಬ್ಬರಾಗಿ ಕಟಕಟೆಗೆ ಬರುತ್ತಾರೆ. ಮೊದಲ ಚಿತ್ರ ಬಿಡುಗಡೆಯಾದಾಗಲೇ ಜಗತ್ತಿನಾದ್ಯಂತ 924 ಮಿಲಿಯನ್ ಡಾಲರ್ ಗಳಿಸಿತು. ಮೂರನೆಯದು ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ 2025ರ ಏಪ್ರಿಲ್‌ನಲ್ಲಿ ಮತ್ತೆ ತೆರೆಗೆ ಬಂದಾಗ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೇ ಸುಮಾರು 25 ಮಿಲಿಯನ್ ಬಾಚಿತು. ಗಲ್ಲಾಪೆಟ್ಟಿಗೆ ಯಾವಾಗ ಯಾರ ಪರವಾಗಿ ನಿಜ ಹೇಳಿದೆ? ಅಂದು ಆಡಿಕೊಂಡವರು 1977ರಲ್ಲಿ ಮಕ್ಕಳಾಗಿದ್ದವರು, ಇಂದು ಮೆಚ್ಚುತ್ತಿರುವವರು 1999ರಲ್ಲಿ ಮಕ್ಕಳಾಗಿದ್ದವರು ಎಂದು ಕೊನೆಗೆ ಎಲ್ಲವನ್ನೂ ತಲೆಮಾರಿನ ಖಾತೆಗೆ ಬರೆದು ಕೈತೊಳೆದುಕೊಂಡಿದ್ದೀಯ. ಲೆಕ್ಕ ಸರಿಯೇ ಇರಬಹುದು. ಆ ಲೆಕ್ಕದಲ್ಲಿ ನಿನ್ನ ವಯಸ್ಸೆಲ್ಲಿ? 62 ಪುಟಗಳಲ್ಲಿ ಈ ಚಿತ್ರಗಳನ್ನು ನೀನು ಎಲ್ಲಿ ಕುಳಿತು, ಯಾರ ಜೊತೆ ನೋಡಿದೆ ಎಂಬುದು ಒಂದು ಕಡೆಯೂ ಇಲ್ಲ. ನೋಡಿದ್ದೀಯೋ ಇಲ್ಲವೋ ಎಂದೇ ನನಗೆ ಒಮ್ಮೆ ಸಂಶಯವಾಯಿತು.

ಸಂಶಯಕ್ಕೆ ಕಾರಣವಿದೆ. ಕಳ್ಳನಿಗೆ ಕಳ್ಳನ ಹೆಜ್ಜೆ ಬೇಗ ಗುರುತಾಗುತ್ತದೆ.

2000ನೇ ಇಸವಿಯಲ್ಲಿ ನಾನೊಂದು ವಾರಪತ್ರಿಕೆಗೆ ಸಿನಿಮಾ ಅಂಕಣ ಬರೆಯುತ್ತಿದ್ದೆ. ‘ಫ್ಯಾಂಟಮ್ ಮೆನೇಸ್’ ಬಗ್ಗೆ ಬರೆಯಲು ಬಡಾವಣೆಯ ಅಂಗಡಿಯಿಂದ ವಿಸಿಡಿ ಬಾಡಿಗೆಗೆ ತಂದೆ. ಎರಡು ಡಿಸ್ಕ್, ದಿನಕ್ಕೆ ಹದಿನೈದು ರೂಪಾಯಿ. ಮರುಭೂಮಿಯ ಓಟದ ಸ್ಪರ್ಧೆಯಲ್ಲಿ ಹುಡುಗ ಅನಾಕಿನ್ ಗೆಲ್ಲುವ ಹೊತ್ತಿಗೆ ಮೊದಲ ಡಿಸ್ಕ್ ಮುಗಿಯಿತು. ಎರಡನೆಯದನ್ನು ಹಾಕಿದರೆ ಚೌಕ ಚೌಕವಾಗಿ ಬಣ್ಣಗಳು ಒಡೆದು ಯಂತ್ರ ನಿಂತುಹೋಯಿತು. ಪಂಚೆಯ ಅಂಚಿನಿಂದ ಒರೆಸಿದೆ, ಸೋಪಿನ ನೀರಿನಲ್ಲಿ ತೊಳೆದೆ. ಆಗಲಿಲ್ಲ. ಮರುದಿನ ಬೆಳಿಗ್ಗೆ ಅಂಕಣ ಕೊಡಬೇಕಿತ್ತು. ಮನೆಯಲ್ಲಿ ಒಂದು ಅಮೆರಿಕನ್ ಪತ್ರಿಕೆ ಬಿದ್ದಿತ್ತು. ಮುಂದೆ ಯಾರು ಸಾಯುತ್ತಾರೆ, ಯಾರು ಗೆಲ್ಲುತ್ತಾರೆ ಎಂಬುದನ್ನು ಅದರಿಂದ ಎತ್ತಿಕೊಂಡೆ. ಅದರ ಜೊತೆಗೆ ಅದರ ತಾತ್ಸಾರವೂ ಬಂತು, ಬಾಡಿಗೆಯಿಲ್ಲದೆ.

ಲೇಖನ ಭರ್ಜರಿಯಾಗಿತ್ತು ಎಂದರು. ಆ ಚಿತ್ರ ಶುರುವಾಗುವುದೇ ವ್ಯಾಪಾರದ ಹಾದಿಗಳ ಮೇಲಿನ ತೆರಿಗೆಯ ತಕರಾರಿನಿಂದ ಅಲ್ಲವೇ, ‘ಗೆಲಾಕ್ಸಿಯ ವಾಣಿಜ್ಯ ತೆರಿಗೆ ಗುಮಾಸ್ತನೊಬ್ಬ ಬರೆದ ಚಿತ್ರಕಥೆ’ ಎಂದು ಬರೆದಿದ್ದೆ. ಮದುವೆಮನೆಗಳಲ್ಲಿ ಜನ ಆ ಸಾಲನ್ನು ನನಗೇ ಹೇಳಿ ನಗುತ್ತಿದ್ದರು. ಕೊನೆಯಲ್ಲಿ ‘ಇಡೀ ಚಿತ್ರದಲ್ಲಿ ರೋಮಾಂಚನದ ಒಂದು ಕ್ಷಣವೂ ಇಲ್ಲ’ ಎಂದಿದ್ದೆ. ಇಡೀ ಚಿತ್ರದಲ್ಲಿ! ಈಗ ಬರೆಯುವಾಗಲೂ ಕೈ ನಾಚುತ್ತದೆ.

ಎರಡು ವಾರದ ನಂತರ ಶಿರಸಿ ಕಡೆಯಿಂದ ಒಂದು ಪೋಸ್ಟ್‌ಕಾರ್ಡ್ ಬಂತು. ನಿವೃತ್ತ ಸಂಸ್ಕೃತ ಅಧ್ಯಾಪಕರೊಬ್ಬರದು, ಇರುವೆ ಸಾಲಿನಂತಹ ಅಕ್ಷರ. ಕೊನೆಯ ಕಾಳಗದಲ್ಲಿ ಮೇಳದವರು ಹಾಡುವುದು ಸಂಸ್ಕೃತವೆಂದು ಮಗ ಹೇಳುತ್ತಾನೆ, ಎಷ್ಟು ಕೇಳಿದರೂ ಪದ ಬಿಡಿಸಲಾಗುತ್ತಿಲ್ಲ, ತಾವು ಗಮನವಿಟ್ಟು ನೋಡಿದವರು, ತಮಗೇನಾದರೂ ಹೊಳೆಯಿತೇ ಎಂದು ಕೇಳಿದ್ದರು. ಹಂಗಿಸಿದ್ದಲ್ಲ, ನಿಜವಾಗಿಯೂ ಕೇಳಿದ್ದರು. ಅಮೆರಿಕದ ಪತ್ರಿಕೆಯಲ್ಲಿ ಆ ಹಾಡಿನ ಮಾತಿರಲಿಲ್ಲ, ಹಾಗಾಗಿ ನನ್ನ ಲೇಖನದಲ್ಲೂ ಇರಲಿಲ್ಲ. ನಾನು ಉತ್ತರ ಬರೆಯಲಿಲ್ಲ.

ಚಿತ್ರದ ಉಳಿದ ಅರ್ಧವನ್ನು ನೋಡಿದ್ದು ಹನ್ನೆರಡು ವರ್ಷಗಳ ನಂತರ, ಮಗನ ಲ್ಯಾಪ್‌ಟಾಪ್‌ನಲ್ಲಿ. ಬಾಗಿಲುಗಳು ಸರಿಯುತ್ತವೆ, ಕೆಂಪು ಕಪ್ಪು ಮುಖದ ಖಳ ಡಾರ್ತ್ ಮಾಲ್ ನಿಂತಿದ್ದಾನೆ, ಬೆಳಕಿನ ಕತ್ತಿಯ ಎರಡೂ ತುದಿ ಹೊತ್ತಿಕೊಳ್ಳುತ್ತವೆ, ಮೇಳ ಎದ್ದು ನಿಲ್ಲುತ್ತದೆ. ನಿಜವಾಗಿಯೂ ಸಂಸ್ಕೃತವೇ. ಮರಗಳ ಯುದ್ಧದ ಕುರಿತ ಹಳೆಯ ವೆಲ್ಷ್ ಕವಿತೆಯೊಂದರ ಸಾಲುಗಳನ್ನು ಇಂಗ್ಲಿಷಿನಿಂದ ಸಂಸ್ಕೃತಕ್ಕೆ ಮಾಡಿಸಿ, ಅರ್ಥಕ್ಕಿಂತ ನಾದವನ್ನು ನೋಡಿ ಅಕ್ಷರಗಳನ್ನು ಜೋಡಿಸಿದವರು ಸಂಗೀತಗಾರ ಜಾನ್ ವಿಲಿಯಮ್ಸ್. ಪದ ಬಿಡಿಸಲಾಗದೇ ಹೋದದ್ದು ಆ ಮೇಷ್ಟರ ತಪ್ಪಲ್ಲ. ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆಯಬಹುದಿತ್ತು.

ಅದೇ ಕಾಳಗದ ನಡುವೆ ಒಂದು ಓಣಿ ಬರುತ್ತದೆ, ನೀನು ಅದನ್ನು ಬಲ್ಲೆ. ಕೆಂಪು ಬೆಳಕಿನ ಗೋಡೆಗಳು ಇದ್ದಕ್ಕಿದ್ದಂತೆ ಮುಚ್ಚಿಕೊಂಡು ಮೂವರನ್ನೂ ಬೇರೆ ಮಾಡುತ್ತವೆ. ಗುರು ಕ್ವಾಯ್-ಗಾನ್ ಮಂಡಿಯೂರಿ ಕಣ್ಣು ಮುಚ್ಚುತ್ತಾನೆ. ಗೋಡೆಯಾಚೆ ಮಾಲ್ ಬೋನಿನ ಹುಲಿಯಂತೆ ಅತ್ತಿಂದಿತ್ತ ತಿರುಗುತ್ತಾನೆ. ಬಹಳ ಹಿಂದೆ ಉಳಿದ ಶಿಷ್ಯ ಓಬಿ-ವಾನ್ ನಿಂತಲ್ಲಿ ನಿಲ್ಲಲಾರ. ಮಾತಿಲ್ಲ. ಮೂವರ ಸ್ವಭಾವ ಕೆಲವೇ ಕ್ಷಣಗಳಲ್ಲಿ ನಮ್ಮೆದುರಿಗಿದೆ. ಅದೇ ಯುದ್ಧದಲ್ಲಿ ಹೊರಗೆ ಹುಲ್ಲುಗಾವಲಿನಲ್ಲಿ ಜಾರ್ ಜಾರ್ ಕಾಲಿಗೆ ಯಂತ್ರಸೈನಿಕನ ಮುಂಡ ಸಿಕ್ಕಿಕೊಂಡು ಕುಣಿಯುತ್ತಿದ್ದಾನೆ. ಚಿತ್ರದ ಕಚ್ಚಾಪ್ರತಿಯನ್ನು ಮೊದಲ ಸಲ ನೋಡಿ ಮುಗಿಸಿದಾಗ, ಒಂದೂವರೆ ನಿಮಿಷದಲ್ಲಿ ಸಾವಿನ ಶೋಕದಿಂದ ಹಾಸ್ಯಕ್ಕೆ ಹಾರುತ್ತಿದ್ದೇವಲ್ಲ ಎಂದು ಸಂಕಲನಕಾರ ಬೆನ್ ಬರ್ಟ್ ಹೇಳಿದ್ದು, ಕೆಲವು ಕಡೆ ಅತಿಯಾಯಿತೇನೋ ಎಂದು ನಿರ್ದೇಶಕ ಜಾರ್ಜ್ ಲ್ಯೂಕಾಸ್ ಒಪ್ಪಿಕೊಂಡದ್ದು ತಯಾರಿಕೆಯ ಸಾಕ್ಷ್ಯಚಿತ್ರದಲ್ಲೇ ಇದೆ. ನೀನು ಅದನ್ನು ಹಸ್ತಪ್ರತಿಯಿಂದ ಹೊರಗಿಟ್ಟಿದ್ದೀಯ. ನಿನ್ನ ಪಕ್ಷಕ್ಕೆ ತೊಡಕಾಗುತ್ತದೆಂದು ತಾನೇ? ನನಗಂತೂ ಆ ಓಣಿ ಮತ್ತು ಆ ಕುಣಿತ ಎರಡೂ ಒಬ್ಬನೇ ಮನುಷ್ಯನ ತಲೆಯಿಂದ, ಒಂದೇ ರೀಲಿನಲ್ಲಿ ಬಂದವು ಎಂಬುದೇ ಇಡೀ ಜಗಳಕ್ಕಿಂತ ಕುತೂಹಲದ ಸಂಗತಿ.

ಜಾರ್ ಜಾರ್ ಕಿವಿಗಳ ಮೇಲೂ ಅಂದು ಒಂದು ಚಟಾಕಿ ಹಾರಿಸಿದ್ದೆ. ಕಂಪ್ಯೂಟರಿನ ಗೊಂಬೆ, ಅದಕ್ಕೇನು ನೋವು ಎಂದುಕೊಂಡಿದ್ದೆ. ಆ ದನಿ, ಆ ನಡಿಗೆ ಅಹ್ಮದ್ ಬೆಸ್ಟ್ ಎಂಬ ಯುವ ನಟನದು. ಅಂದಿನ ನಿಂದೆಯ ಹೊಡೆತಕ್ಕೆ ತಾನು ಜೀವ ಕಳೆದುಕೊಳ್ಳುವ ಅಂಚಿಗೆ ಹೋಗಿದ್ದೆನೆಂದು ಅವರು 2018ರಲ್ಲಿ ಹೇಳಿಕೊಂಡರು, ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ ಒಂದು ಫೋಟೊದ ಜೊತೆ. 31ನೆಯ ಪುಟದಲ್ಲಿ ನೀನು ಇದನ್ನು ‘ವಿರೋಧಿಗಳ ಕ್ರೌರ್ಯಕ್ಕೆ ಸಾಕ್ಷಿ’ ಎಂದು ಬಳಸಿ, ಮುಂದಿನ ಸಾಲಿನಲ್ಲೇ ಚಿತ್ರದ ಗ್ರಾಫಿಕ್ಸಿಗೆ ಹಾರಿದ್ದೀಯ. ಒಬ್ಬ ಮನುಷ್ಯನ ಸಂಕಟ ನಿನ್ನ ಗೋಡೆಗೆ ಇಟ್ಟಿಗೆಯಾಯಿತು. ಆ ಪಾತ್ರದ ಮಾತಿನ ಧಾಟಿ ಕೆರಿಬಿಯನ್ ಜನರ ಅಣಕ ಎಂದು ಹಲವರು ನೊಂದು ಬರೆದರಲ್ಲ, ಅದನ್ನಂತೂ ನೀನು ಮುಟ್ಟಿಯೇ ಇಲ್ಲ. ಬೆಸ್ಟ್ ಅವರ ಮೇಲೆ ಪ್ರೀತಿಯೂ ಇರಲಿ, ಆ ಧಾಟಿ ಕೇಳಿದಾಗ ನಿನಗೇನಾಯಿತು ಎಂಬುದೂ ಇರಲಿ. ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ, ಬಲ್ಲೆ. ಕಷ್ಟವೆಂದೇ ತಾನೇ ಬರೆಯುವುದು?

ಅನಾಕಿನ್‌ನನ್ನು ಕರ್ಣನಿಗೆ ಹೋಲಿಸಿದ ಅಧ್ಯಾಯವನ್ನು ದಯವಿಟ್ಟು ತೆಗೆದುಹಾಕು. ಕರ್ಣ ಇಲ್ಲದೇ ಹೋಗಿದ್ದರೆ ಕನ್ನಡದ ಲೇಖಕರು ಏನು ಮಾಡುತ್ತಿದ್ದರೋ ದೇವರೇ ಬಲ್ಲ. ಮೂರನೆಯ ಚಿತ್ರದಲ್ಲಿ ದೇವಾಲಯಕ್ಕೆ ನುಗ್ಗಿ ಎಳೆಯ ಮಕ್ಕಳನ್ನು ಕೊಲ್ಲುವವನು ಕರ್ಣ ಹೇಗಾದಾನು? ರಾತ್ರಿ ಮಲಗಿದ್ದವರನ್ನು ಕೊಂದ ಅಶ್ವತ್ಥಾಮ ಇದ್ದಾನೆ ಎನ್ನುತ್ತೀಯ. ಅವನೂ ಬೇಡ.

ಮರಳಿನ ಮಾತಿಗೆ ಬರೋಣ. ಎರಡನೆಯ ಚಿತ್ರದಲ್ಲಿ ಸರೋವರದ ದಂಡೆಯ ಅರಮನೆಯಲ್ಲಿ ನಿಂತು, ಪ್ರೀತಿಸಿದವಳ ಎದುರು, ಮರಳು ಒರಟು, ಎಲ್ಲೆಂದರಲ್ಲಿ ಸೇರಿಕೊಳ್ಳುತ್ತದೆ, ನನಗೆ ಇಷ್ಟವಿಲ್ಲ ಎನ್ನುತ್ತಾನಲ್ಲ ಹುಡುಗ. ಜಗತ್ತೆಲ್ಲ ನಕ್ಕಿತು. ಮರುಭೂಮಿಯಲ್ಲಿ ಗುಲಾಮನಾಗಿ ಬೆಳೆದವನು ಮರಳನ್ನು ದ್ವೇಷಿಸುವುದು ಸಹಜ ಎಂದು ಮೂರು ಪುಟ ವಾದಿಸಿದ್ದೀಯ. ವಾದ ಸರಿ. ಆದರೂ ಆ ಸಾಲು ಕೆಟ್ಟದ್ದೇ. ತಾಯಿಯನ್ನು ಆ ಮರಳಿನಲ್ಲೇ ಬಿಟ್ಟು ಬಂದವನ ಗಂಟಲು ಅದರಲ್ಲಿ ಕೇಳಿಸುವುದಿಲ್ಲ. ಕೇಳಿಸಬೇಕಾಗಿತ್ತು ಎಂದು ನಿನಗನ್ನಿಸಿದ್ದರಿಂದಲೇ ಮೂರು ಪುಟ ಬೇಕಾಯಿತು. ಹಾಗೆಂದು ಒಪ್ಪಿಕೊಂಡು ಬರೆದಿದ್ದರೆ ಅರ್ಧ ಪುಟ ಸಾಕಾಗುತ್ತಿತ್ತು. ನಾನು ಅದನ್ನು ಎರಡು ಸಲ ಓದುತ್ತಿದ್ದೆ.

ನಿನಗೆ ನೋಡಲು ಬರುತ್ತದೆ, ಅದಕ್ಕೇ ಇಷ್ಟು ಸಿಟ್ಟು. 17ನೆಯ ಪುಟದಲ್ಲಿ, ಮೂರನೆಯ ಚಿತ್ರದ ನಾಟ್ಯಶಾಲೆಯ ದೃಶ್ಯಕ್ಕೆ ಬಂದಾಗ ವಾದ ಮರೆತುಹೋಗಿದೆ. ಮುದುಕ ಖಳ ಪ್ಯಾಲ್ಪಟೀನ್ ಪಕ್ಕದಲ್ಲಿ ಕುಳಿತ ಅನಾಕಿನ್‌ಗೆ ಮೆಲುದನಿಯಲ್ಲಿ ಕತೆ ಹೇಳುತ್ತಾನೆ, ಎದುರಿಗೆ ನೀರಿನ ಗುಳ್ಳೆಯಂತಹದ್ದರೊಳಗೆ ಏನೇನೋ ತೇಲುತ್ತಿದೆ. ‘ಮುದುಕನ ಮುಖ ಆಟದ ಕಡೆ, ಗಾಳ ಮಾತ್ರ ಪಕ್ಕದ ಕುರ್ಚಿಗೆ’ ಎಂದು ಬರೆದಿದ್ದೀಯ. ಇದನ್ನು ಓದಿ ನಾನು ಆ ದೃಶ್ಯವನ್ನು ಹುಡುಕಿ ಮತ್ತೆ ನೋಡಿದೆ. ನನ್ನಿಂದ ಅಷ್ಟು ಮಾಡಿಸಿದ ಸಾಲು ಹಸ್ತಪ್ರತಿಯಲ್ಲಿ ಅದೊಂದೇ.

ಇನ್ನೊಂದು ಸಂಗತಿ ನಿನ್ನ ಪತ್ರದಲ್ಲಿದೆ, ಹಸ್ತಪ್ರತಿಯಲ್ಲಿಲ್ಲ. ಸಾಗರದ ಮಾವನ ಮನೆಯಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಮಳೆಗಾಲದ ಒಂದು ಸಂಜೆ ಟಿವಿಯಲ್ಲಿ ನೀನು ಮೊದಲು ನೋಡಿದ್ದು ಮೂರನೆಯ ಚಿತ್ರವಂತೆ, ಹಿಂದಿಗೆ ಡಬ್ ಆದದ್ದು, ಅರ್ಧ ಮಾತು ತಿಳಿಯಲಿಲ್ಲವಂತೆ. ಲಾವಾ ನದಿಯ ದಂಡೆಯಲ್ಲಿ ಕೈಕಾಲು ಕಳೆದುಕೊಂಡ ಶಿಷ್ಯ ಅನಾಕಿನ್ ಹೊತ್ತಿ ಉರಿಯುತ್ತಿದ್ದಾನೆ, ಈಗ ಗುರುವಾಗಿರುವ ಓಬಿ-ವಾನ್ ಅವನ ಕತ್ತಿಯನ್ನು ಎತ್ತಿಕೊಂಡು ಬೆನ್ನು ತಿರುಗಿಸಿ ಹೊರಟ. ಆಗ ಕರೆಂಟು ಹೋಯಿತು. ಅವನು ಬದುಕುಳಿದು ಡಾರ್ತ್ ವೇಡರ್ ಎಂಬ ಖಳನಾಗಿ ಏಳುವಾಗಿನ ಕಪ್ಪು ಮುಖವಾಡ, ಆ ಉಸಿರಿನ ಸದ್ದು ನಿನಗೆ ಸಿಗಲೇ ಇಲ್ಲ. ಅವನು ಅಲ್ಲೇ ಸತ್ತನೆಂದು ಎರಡು ವರ್ಷ ನಂಬಿದ್ದೆ, ಮಾವ ಗೇಟಿನವರೆಗೆ ಹೋಗಿ ತಿರುಗಿದರೂ ಅಳು ಬರುತ್ತಿತ್ತು ಎಂದು ಬರೆದಿದ್ದೀಯ. ಅರ್ಧ ಚಿತ್ರ ನೋಡಿದವರು ನಾವಿಬ್ಬರೂ. ನಾನು ಅದನ್ನು ಮುಚ್ಚಿಟ್ಟು ತೀರ್ಪು ಕೊಟ್ಟೆ. ನೀನು ಯಾರಿಗೂ ಕಾಣದ ಕಾಗದದಲ್ಲಿ ಅದನ್ನು ಹೇಳಿಕೊಂಡು, ಕಾಣುವ ಕಾಗದದಲ್ಲಿ ವಕೀಲನ ಕರಿಕೋಟು ತೊಟ್ಟೆ.

ಹಸ್ತಪ್ರತಿಯನ್ನು ಈ ಪತ್ರದ ಜೊತೆ ವಾಪಸು ಕಳಿಸುತ್ತಿದ್ದೇನೆ, 17ನೆಯ ಪುಟವೊಂದನ್ನು ಬಿಟ್ಟು. ಅದು ನನ್ನ ಮೇಜಿನ ಖಾನೆಯಲ್ಲಿ, ಶಿರಸಿಯ ಕಾರ್ಡಿನ ಪಕ್ಕದಲ್ಲಿದೆ. ಮೊದಲ ಪುಟವನ್ನು ಆ ಸಂಜೆಯಿಂದ ಶುರುಮಾಡಿ ನೋಡು. ಪತ್ರದಲ್ಲಿ ‘ಕರೆಂಟು ಹೋಯಿತು’ ಎಂದು ಚೆನ್ನಾಗಿ ಬರೆದಿದ್ದೀಯ, ಅಲ್ಲಿಗೆ ಬಂದಾಗ ‘ವಿದ್ಯುತ್ ವ್ಯತ್ಯಯ’ ಎಂದು ಬರೆದೀಯ, ಜೋಕೆ. ಮತ್ತೆ ಕರೆಂಟು ಬಂದದ್ದು ಎಷ್ಟು ಹೊತ್ತಿಗೆ ಎಂದು ನೀನು ಹೇಳಿಲ್ಲ. ಬಂದಾಗ ಟಿವಿಯಲ್ಲಿ ಏನಿತ್ತು, ಕೋಣೆಯಲ್ಲಿ ಯಾರು ಯಾರು ಉಳಿದಿದ್ದರು ಎಂಬುದನ್ನೂ ಬರೆದು ಕಳಿಸು.