ಭಾನುವಾರದ ಚಿತ್ರಕ್ಕೆ ಕ್ಯಾನ್ವಾಸ್ ಈಗಲೇ ತಯಾರಾಗಲಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಧಾರವಾಡದ ಸಾಧನಕೇರಿ ಕೆರೆಯ ದಂಡೆಯಲ್ಲಿ ಎಣ್ಣೆಬಣ್ಣ ಬಳಸುವವರು ಕ್ಯಾನ್ವಾಸನ್ನು ಬುಧವಾರವೇ ತಯಾರು ಮಾಡಿಕೊಳ್ಳಿ. ಶನಿವಾರ ರಾತ್ರಿ ಬಳಿದು ತಂದರೆ ನಡೆಯುವುದಿಲ್ಲ.

ಬಟ್ಟೆ ಬಿಗಿಯುವಾಗ ಚೌಕಟ್ಟಿನ ನಾಲ್ಕೂ ಬದಿಯ ನಡುವಿನಿಂದ ಶುರುಮಾಡಿ ಮೂಲೆಗಳ ಕಡೆ ಹೋಗಿ. ಬೆರಳಿನಿಂದ ಬಡಿದರೆ ಹಲಗೆ ವಾದ್ಯದ ಹಾಗೆ ಸದ್ದು ಬರಬೇಕು.

ಆಮೇಲೆ ಅಕ್ರಿಲಿಕ್ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಟ್ಟೆಗೆ ಬಳಿಯುವ ತಳಲೇಪ. ಇದನ್ನು ಮಾತ್ರ ಬಿಡಬೇಡಿ. ಎಣ್ಣೆಬಣ್ಣದಲ್ಲಿ ಇರುವುದು ಅಗಸಿ ಎಣ್ಣೆ, ನಾವು ಚಟ್ನಿಪುಡಿ ಮಾಡುತ್ತೇವಲ್ವಾ, ಅದೇ ಅಗಸಿ. ಅದು ನೇರವಾಗಿ ಬಟ್ಟೆಗೆ ಇಳಿದರೆ ನೂಲು ವರ್ಷಗಳಲ್ಲಿ ಕಂದಿ, ಗಡುಸಾಗಿ, ಹರಿಯುತ್ತದೆ. ನನ್ನ ಮೊದಲ ಚಿತ್ರದ ಗತಿ ಅದೇ ಆಯಿತು. ಅಟ್ಟದ ಮೇಲಿದೆ, ಬೇಕಾದವರು ಬಂದು ನೋಡಿ.

ದಪ್ಪಗೆ ಒಂದೇ ಸಲ ಬಳಿಯಬೇಡಿ, ಬಿರುಕು ಬಿಡುತ್ತದೆ. ತೆಳುವಾಗಿ 2-3 ಸಲ ಸಾಕು. ಮೊದಲ ಸಲ ಅಡ್ಡ, ಎರಡನೇ ಸಲ ಉದ್ದ. ಪ್ರತಿ ಸಲವೂ ಪೂರ್ತಿ ಒಣಗಲಿ. ಈ ಜಿಟಿಜಿಟಿ ಮಳೆಯಲ್ಲಿ ಡಬ್ಬಿ ಮೇಲಿನ ಲೆಕ್ಕಕ್ಕಿಂತ ಜಾಸ್ತಿ ಹೊತ್ತು ಬೇಕು. ನುಣುಪು ಬೇಕಾದವರು ನಡುವೆ 220 ನಂಬರಿನ ಉಪ್ಪುಕಾಗದ ಹಗುರವಾಗಿ ಆಡಿಸಿ. ಭಾವಚಿತ್ರ ಬಿಡಿಸುವವರಿಗೆ ಇದು ಒಳ್ಳೆಯದು. ನನಗೆ ನೇಯ್ಗೆ ಕಾಣುವ ಒರಟೇ ಇಷ್ಟ.

ಕೊನೆಯ ಸಲ ಬಳಿದ ಮೇಲೆ ಮೂರು ದಿನ ಮುಟ್ಟಬೇಡಿ. ಹಳೆಯ ಎಣ್ಣೆಚಿತ್ರದ ಮೇಲೆ ಜೆಸ್ಸೊ ಬಳಿದು ಹೊಸದು ಮಾಡುವ ಆಸೆಯೂ ಬೇಡ, ಸಿಪ್ಪೆಯ ಹಾಗೆ ಏಳುತ್ತದೆ. ನನ್ನ ಬಳಿ ಅರ್ಧ ಡಬ್ಬಿ ಉಳಿದಿದೆ. ಬೇಕಾದವರು ನಾಳೆ ಸಂಜೆಯೊಳಗೆ ಇಲ್ಲೇ ಹೇಳಿ.