ಚೆಂಡಿಗೆ ದಾರಿ ಯಾರು ಹೇಳಿದರು?

ಪ್ರಿಯ ಗೆಳೆಯಾ,

ಇಲ್ಲಿ ಕಕ್ಕಡದ ಮಳೆ ಹಿಡಿದಿದೆ. ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಫೋನಲ್ಲಿ ಅರ್ಧಕ್ಕೆ ನಿಂತ ಜಗಳವನ್ನು ಕಾಗದದಲ್ಲಿ ಮುಂದುವರಿಸುತ್ತಿದ್ದೇನೆ. ಕ್ವಾಂಟಂ ಫಿಸಿಕ್ಸ್‌ನ ಲೆಕ್ಕದ ಹಿಂದೆ ಜಗತ್ತಿನಲ್ಲಿ ನಿಜಕ್ಕೂ ನಡೆಯುವುದೇನು ಅಂತ ನಾನು ಕೇಳಿದ್ದೆ. "ಲೆಕ್ಕ ಸರಿ ಬರುತ್ತದೆ, ಟ್ರಾನ್ಸಿಸ್ಟರ್ ಕೆಲಸ ಮಾಡುತ್ತದೆ, ಇನ್ನೇನು ಬೇಕು ನಿನಗೆ?" ಅಂದೆ ನೀನು. ನ್ಯೂಟನ್ ಕಾಲದ ಫಿಸಿಕ್ಸ್‌ನಲ್ಲಿ ಈ ತಲೆನೋವೇ ಇರಲಿಲ್ಲ ಅಂತಲೂ ಅಂದೆ. ಈ ಎರಡನೇ ಮಾತು ನನಗೆ ಒಪ್ಪಿಗೆ ಇಲ್ಲ. ತಲೆನೋವು ಆಗಲೂ ಇತ್ತು.

ನಮ್ಮ ಕಡೆಯ ಹಾಕಿ ಮ್ಯಾಚನ್ನೇ ತಗೋ. ಒಬ್ಬ ಸ್ಕೂಪ್ ಮಾಡುತ್ತಾನೆ, ಚೆಂಡು ಡಿಫೆಂಡರ್‌ಗಳ ತಲೆ ಮೇಲೆ ಹಾರಿ ಆಚೆ ಬೀಳುತ್ತದೆ. ನ್ಯೂಟನ್ ಲೆಕ್ಕದಲ್ಲಿ ಭೂಮಿ ಕ್ಷಣಕ್ಷಣಕ್ಕೂ ಎಳೆಯುತ್ತದೆ, ವೇಗ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಎಲ್ಲಿ ಬೀಳಬೇಕು ಅನ್ನುವ ಗೊಡವೆ ಚೆಂಡಿಗಿಲ್ಲ. ಆಮೇಲೆ ಬಂದ ಗಣಿತಜ್ಞರು ಲಗ್ರಾಂಜ್, ಹ್ಯಾಮಿಲ್ಟನ್ ಹಿಡಿದ ದಾರಿ ಬೇರೆ. ಚೆಂಡು ಎಲ್ಲಿಂದ ಯಾವಾಗ ಹೊರಟಿತು, ಎಲ್ಲಿ ಯಾವಾಗ ಬಿತ್ತು ಎರಡನ್ನೂ ಮೊದಲೇ ಕೊಟ್ಟುಬಿಡಬೇಕು. ನಡುವೆ ಸಾಧ್ಯವಿರುವ ಒಂದೊಂದು ದಾರಿಗೂ ಚಲನಶಕ್ತಿಯಲ್ಲಿ ಸ್ಥಿತಿಶಕ್ತಿ ಕಳೆದು, ಹೊರಟಲ್ಲಿಂದ ಬೀಳುವವರೆಗೆ ಕೂಡುತ್ತಾ ಹೋಗಬೇಕು. ಆ ಮೊತ್ತವೇ ಆಕ್ಷನ್. ಯಾವ ದಾರಿಯನ್ನು ಒಂಚೂರು ಅಲುಗಿಸಿದರೂ ಮೊತ್ತ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೋ, ಚೆಂಡು ಹೋಗುವುದು ಅದರಲ್ಲಿ. ('ಅತಿ ಕಡಿಮೆ ಆಕ್ಷನ್' ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ಯಾವಾಗಲೂ ಕಡಿಮೆಯೇ ಆಗಬೇಕಿಲ್ಲ.)

ಎರಡೂ ಲೆಕ್ಕಕ್ಕೆ ಉತ್ತರ ಒಂದೇ. ಆದರೆ ಎರಡೂ ಹೇಳುವ ಕಥೆ ಒಂದೇ ಅಲ್ಲ. ಒಂದರಲ್ಲಿ ಹಿಂದಿನ ಕ್ಷಣ ಮುಂದಿನದನ್ನು ದೂಡುತ್ತದೆ. ಇನ್ನೊಂದರಲ್ಲಿ ಇಡೀ ದಾರಿ ಒಟ್ಟಿಗೇ ತೀರ್ಮಾನವಾಗುತ್ತದೆ. ಪ್ರಕೃತಿ ಮಾಡುವುದು ಯಾವುದನ್ನು? ಗಣಿತ ಬಾಯಿ ಬಿಡುವುದಿಲ್ಲ. ಚೆಂಡು ಕಣ್ಣೆದುರೇ ಹಾರುತ್ತಿತ್ತು ನೋಡು, ಅದಕ್ಕೇ ನಾವು ಯಾರೂ ಕೇಳಲು ಹೋಗಲಿಲ್ಲ. ನ್ಯೂಟನ್‌ಗೇ ನೆಮ್ಮದಿ ಇರಲಿಲ್ಲ. ನಡುವೆ ಏನೂ ಇಲ್ಲದೆ ಒಂದು ವಸ್ತು ದೂರದ ಇನ್ನೊಂದನ್ನು ಎಳೆಯುತ್ತದೆ ಅನ್ನುವುದು ಅಸಂಬದ್ಧ ಅಂತ 1693ರಲ್ಲಿ ಬೆಂಟ್ಲಿ ಅನ್ನುವ ಪಾದ್ರಿಗೆ ಕಾಗದ ಬರೆದಿದ್ದ. ಸಮೀಕರಣ ಮಾತ್ರ ಹಾಗೇ ಇತ್ತು.

1948ರಲ್ಲಿ ಫೈನ್‌ಮನ್ ಅನ್ನುವ ಭೌತವಿಜ್ಞಾನಿ ಬಂದು, ಎಲೆಕ್ಟ್ರಾನ್‌ನಂಥ ಕಣಕ್ಕೆ ಎಲ್ಲ ದಾರಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂದ. ಚೆಂಡಿನಂಥ ದೊಡ್ಡ ವಸ್ತುವಿಗೆ ಬೇಡದ ದಾರಿಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಆಕ್ಷನ್ ಅಲುಗದ ದಾರಿಯ ಸುತ್ತಮುತ್ತಲಿನವು ಮಾತ್ರ ಉಳಿಯುತ್ತವೆ. ಹಳೆಯ ಒಗಟಿಗೆ ಉತ್ತರ ಸಿಕ್ಕಿತು ಅನ್ನಿಸುತ್ತದೆ, ಅಲ್ವಾ? ಆದರೆ ಕಣ ನಿಜಕ್ಕೂ ಎಲ್ಲ ದಾರಿಯಲ್ಲೂ ಹೋಯಿತಾ, ಇದೂ ಸುಮ್ನೆ ಲೆಕ್ಕದ ಉಪಾಯವಾ? ಮತ್ತೆ ಅಲ್ಲಿಗೇ ಬಂದೆವು.

ಶ್ರೋಡಿಂಗರ್‌ನ ಅಲೆಗೂ (ಕಣದ ಸ್ಥಿತಿಯನ್ನು ಹೇಳಲು ಅವನ ಸಮೀಕರಣ ಕೊಡುವ ಅಲೆ) ಇದೇ ಗತಿ. ಎರಡು ಎಲೆಕ್ಟ್ರಾನ್ ಇದ್ದರೆ, ಒಂದೊಂದಕ್ಕೆ ಮೂರರಂತೆ, ಆ ಅಲೆ ಆರು ಆಯಾಮದಲ್ಲಿರುತ್ತದೆ, ನಾವಿರುವ ಮೂರರಲ್ಲಲ್ಲ. ಅದನ್ನು ನೀರಿನ ಅಲೆಯ ಹಾಗೆ ಕಲ್ಪಿಸಿಕೊಳ್ಳುವುದು ಹೇಗೆ? ಅದರ ವರ್ಗ ತೆಗೆದರೆ ಸಂಭವನೀಯತೆ ಸಿಗುತ್ತದೆ ಅಂತ 1926ರಲ್ಲಿ ಹೇಳಿದವನು ಮ್ಯಾಕ್ಸ್ ಬಾರ್ನ್. ಅದೂ ಒಂದು ಅಡಿಟಿಪ್ಪಣಿಯಲ್ಲಿ! ಮುಂದೆ ರಾಮನ್ ಕರೆದರು ಅಂತ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಐಐಎಸ್‌ಸಿಗೆ) ಬಂದು ಕೆಲವು ತಿಂಗಳು ಇದ್ದನಲ್ಲ, ಅವನೇ.

ಆದರೆ ಯಾವ ಅರ್ಥದ ಸಂಭವನೀಯತೆ? ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುವುದು ಅರ್ಧಕ್ಕರ್ಧ ಅಂದರೆ ಗಾಳಿ, ತೇವದ ವಿವರ ನಮಗೆ ಪೂರ್ತಿ ಗೊತ್ತಿಲ್ಲ ಅಂತ ಅಷ್ಟೆ. ತೋಟದವರು ಬೆಳಿಗ್ಗೆ ಮಳೆ ಗೇಜ್ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುತ್ತಾರೆ. ಅವರು ನೋಡಿದ್ದಕ್ಕೆ ಮಳೆ ಬಂದದ್ದಲ್ಲ, ರಾತ್ರಿಯೇ ಬಿದ್ದಾಗಿತ್ತು. ಎಲೆಕ್ಟ್ರಾನೂ ನಾವು ನೋಡುವ ಮೊದಲೇ ಅಲ್ಲೇ ಇತ್ತಾ?

ಇತ್ತು ಅಂತ ಇಟ್ಟುಕೊಂಡರೂ ಲೆಕ್ಕ ಸರಿ ಬರುತ್ತದೆ ಅಂತ 1952ರಲ್ಲಿ ಭೌತವಿಜ್ಞಾನಿ ಬೋಮ್ ತೋರಿಸಿದ. ಹಾಗೆ ಕೇಳುವುದಕ್ಕೆ ಅರ್ಥವೇ ಇಲ್ಲ ಅನ್ನುವುದು ಬೋರ್ ಕಡೆಯವರ ವಾದ. ಸಾಧ್ಯವಿದ್ದದ್ದೆಲ್ಲ ಬೇರೆ ಬೇರೆ ಕವಲಿನಲ್ಲಿ ನಡೆದೇ ಇದೆ ಅಂದವನು ಎವೆರೆಟ್, 1957ರಲ್ಲಿ. ಇವರಲ್ಲಿ ಯಾರು ಸರಿ ಅಂತ ಇದುವರೆಗೆ ಯಾವ ಪ್ರಯೋಗವೂ ತೀರ್ಪು ಕೊಟ್ಟಿಲ್ಲ. ಬೋಮ್ ಹಾದಿಗೆ ದುಬಾರಿ ಸುಂಕವಿದೆ ಅಂತ 1964ರಲ್ಲಿ ಬೆಲ್ ತೋರಿಸಿದ. ಇಲ್ಲಿ ಮಾಡಿದ್ದು ಅಲ್ಲಿ ದೂರದಲ್ಲಿರುವ ಕಣಕ್ಕೆ ಆ ಕ್ಷಣವೇ ತಟ್ಟುತ್ತದೆ ಅಂತ ಒಪ್ಪಿಕೊಳ್ಳಬೇಕು. ನ್ಯೂಟನ್ ಅಸಂಬದ್ಧ ಅಂದಿದ್ದೂ ಹೆಚ್ಚುಕಮ್ಮಿ ಇದನ್ನೇ.

ಆದರೂ ನನಗೆ ಬೋಮ್ ಮೇಲೆ ಒಂದು ಪ್ರೀತಿ. ಅವನ ಚಿತ್ರವೇ ನಿಜ ಅಂತಲ್ಲ. "ಕಣಕ್ಕೆ ದಾರಿಯೇ ಇಲ್ಲ, ಗಣಿತವೇ ಹಾಗೆ ಹೇಳುತ್ತದೆ" ಅಂತ ಬಾಯಿ ಮುಚ್ಚಿಸುತ್ತಿದ್ದವರ ಮುಂದೆ, ಹಾಗೆ ಹೇಳಿದ್ದು ಗಣಿತ ಅಲ್ಲ, ನೀವು ಅಂತ ತೋರಿಸಿಕೊಟ್ಟನಲ್ಲ, ಅದಕ್ಕೆ.

ಈಗ ನಿನಗೊಂದು ಪ್ರಶ್ನೆ. ಎಸಿ ಸರ್ಕ್ಯೂಟ್ ಲೆಕ್ಕದಲ್ಲಿ ನೀನು ಜೆ, ಅಂದರೆ ಮೈನಸ್ ಒಂದರ ವರ್ಗಮೂಲ, ಬಳಸುತ್ತೀಯ. ಕೊನೆಗೆ ರಿಯಲ್ ಪಾರ್ಟ್ ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತೀಯ. ಅದು ಬರೀ ಅನುಕೂಲಕ್ಕೆ, ಸರಿ. ಶ್ರೋಡಿಂಗರ್ ಸಮೀಕರಣದಲ್ಲಿ ಹಾಗೆ ಅರ್ಧ ಬಿಸಾಡಿದರೆ ಸಂಭವನೀಯತೆಯೇ ಸರಿ ಬರುವುದಿಲ್ಲ. ಹಾಗಿದ್ದ ಮೇಲೆ ಅಲ್ಲಿರುವ ಜೆ ಬರೀ ಅನುಕೂಲವಾ, ಅಥವಾ ಜಗತ್ತಿನಲ್ಲೇ ಏನೋ ಒಂದು ಇದೆಯಾ? 'ಲೆಕ್ಕ ಸರಿ ಬರುತ್ತದೆ' ಅಂತ ಮಾತ್ರ ಉತ್ತರ ಬರೆಯಬೇಡ.

ಇಂತಿ ನಿನ್ನ
ವಿರಾಜಪೇಟೆಯ ಗೆಳೆಯ