ಪುಟ್ಟಿ, ಬೆಟ್ಟ ಬಿಡಬೇಡ

ಹಾಸನ
ಮಂಗಳವಾರ

ಪ್ರೀತಿಯ ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಬೆಳಿಗ್ಗೆ ನಿಮ್ಮಮ್ಮ ಫೋನ್ ಮಾಡಿದ್ದಳು. ಭಾನುವಾರ ಚಾಮುಂಡಿ ಬೆಟ್ಟ ಹತ್ತಿ, ಗೆಳತಿಯರ ಜೊತೆ ಓಡಿಕೊಂಡು ಇಳಿದೆಯಂತೆ. ಈಗ ತೊಡೆ ನೋವು ತಾಳಲಾರದೆ ಹಾಸ್ಟೆಲ್ ಮೆಟ್ಟಿಲನ್ನು ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದೀಯಂತೆ. "ಇನ್ನು ಬೆಟ್ಟದ ಸಹವಾಸವೇ ಬೇಡ" ಅಂದೆಯಂತೆ. ಅದು ಕೇಳಿ ಮನಸ್ಸು ತಡೆಯಲಿಲ್ಲ.

ಹೆದರಬೇಡ ಮಗಳೇ. ಅಭ್ಯಾಸವಿಲ್ಲದ ಸ್ನಾಯುವನ್ನು ದುಡಿಸಿದರೆ ಹೀಗೇ. ಮಾರನೇ ದಿನ ಶುರುವಾಗುತ್ತೆ, ಎರಡು ಮೂರನೇ ದಿನಕ್ಕೆ ಜಾಸ್ತಿಯಾಗುತ್ತೆ, ವಾರದೊಳಗೆ ತಾನೇ ಹೋಗುತ್ತೆ. ಸ್ನಾಯು ದುಡಿಯುವಾಗ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡು ನೋಯುತ್ತಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಅದು ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತೆ, ಮಂಗಳವಾರದ ತನಕ ಎಲ್ಲಿ ಉಳಿಯುತ್ತೆ? ನಿನಗೆ ಪೆಟ್ಟು ಬಿದ್ದದ್ದು ಇಳಿಯುವಾಗ. ಹತ್ತುವಾಗ ಏದುಸಿರು ಬರುತ್ತೆ ಅಷ್ಟೆ. ಇಳಿಯುವಾಗ ತೊಡೆಯ ಮುಂಭಾಗ ಹಿಗ್ಗುತ್ತಲೇ ಇಡೀ ಮೈಭಾರ ತಡೆಯಬೇಕು, ಬ್ರೇಕ್ ಹಿಡಿದ ಹಾಗೆ. ದೊಡ್ಡದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲಿಗೆ ಸಾವಿರ ಸಲ ಬ್ರೇಕ್! ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿದಿವೆ, ಅವೇ ಕೂಡಿಕೊಳ್ಳುತ್ತವೆ.

ಹುಡುಗನಾಗಿದ್ದಾಗ ನಾನು ಮೈಸೂರಿನ ಗರಡಿಗೆ ಹೋಗುತ್ತಿದ್ದೆ. ಬಂದ ಕೂಡಲೇ ಉಸ್ತಾದರು ಕುಸ್ತಿಗೆ ಬಿಡುತ್ತಿರಲಿಲ್ಲ. ಕೈಗೆ ಗುದ್ದಲಿ ಕೊಟ್ಟು ಮಟ್ಟಿಯ, ಅಂದರೆ ಕುಸ್ತಿ ಕಣದ, ಕೆಮ್ಮಣ್ಣು ಅಗೆಸುತ್ತಿದ್ದರು. ಹಣೆಯ ಮೇಲೆ ಬೆವರು ಮೂಡಿತೋ ಇಲ್ಲವೋ ಅಂತ ಹತ್ತಿರ ಬಂದು ನೋಡಿ, ಆಮೇಲೆ ಬಸ್ಕಿ. ವಾರ್ಮ್ ಅಪ್ ಅಂತ ನೀವು ಕರೆಯುವುದು ಅದನ್ನೇ. ಮೊದಲ ಹತ್ತು ನಿಮಿಷ ಬಯಲಲ್ಲಿ ನಡೆ, ಆಮೇಲೆ ಬಿರುಸಾಗಿ ನಡೆ, ನಾಲ್ಕಾರು ಬಸ್ಕಿ ಹೊಡಿ. ನೋವು ಸ್ವಲ್ಪ ಕಮ್ಮಿಯಾಗುತ್ತೆ, ಪೂರ್ತಿ ತಪ್ಪುವುದಿಲ್ಲ. ನಿಂತಲ್ಲೇ ಕಾಲು ಎಳೆದು ಸ್ಟ್ರೆಚ್ ಮಾಡುವುದರಿಂದಂತೂ ಈ ನೋವಿಗೆ ಹೇಳಿಕೊಳ್ಳುವ ಲಾಭವಿಲ್ಲ.

ಮುಗಿದ ಮೇಲೆ ಐದು ನಿಮಿಷ ನಿಧಾನಕ್ಕೆ ನಡೆಯುವುದನ್ನೂ ಬಿಡಬೇಡ. ಅದರಿಂದ ನೋವು ತಪ್ಪುತ್ತೆ ಅಂತ ಹೇಳಲಾರೆ. ಆದರೆ ಓಡಿ ಬಂದು ತಟಕ್ಕನೆ ನಿಂತರೆ ರಕ್ತ ಕಾಲಲ್ಲೇ ನಿಲ್ಲುತ್ತೆ, ತಲೆಗೆ ಕಮ್ಮಿಯಾಗುತ್ತೆ. ಒಂದು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯ ನಂದಿ ವಿಗ್ರಹದ ತನಕ ಪಂದ್ಯ ಕಟ್ಟಿ ಓಡಿ ನಿಂತಾಗ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೇ ಕುಸಿದಿದ್ದೆ.

ಈಗ ಸುಮ್ನೆ ಮಲಗಬೇಡ, ಹಗುರವಾಗಿ ಓಡಾಡು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಾಲು ಊದಿಕೊಂಡರೆ ಮಾತ್ರ ಅವತ್ತೇ ಡಾಕ್ಟರ ಹತ್ತಿರ ಹೋಗು. ಇದರಲ್ಲಿ ಸಂಕೋಚ ಬೇಡ.

ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಇಷ್ಟು ನೋಯುವುದಿಲ್ಲ, ಪುಟ್ಟಿ. ಕಷ್ಟದ ಪಾಲು ಮುಗಿಸಿದ್ದೀಯ, ಈಗ ಬಿಡುತ್ತೀಯಾ? ಈ ಭಾನುವಾರ ಬೇಡ, ಅದರ ಮುಂದಿನ ಭಾನುವಾರ ಹತ್ತು. ಇಳಿಯುವುದು ಸಿಟಿ ಬಸ್ಸಲ್ಲಿ. ಅದರ ಮುಂದಿನ ವಾರ ನಂದಿಯಿಂದ ಕೆಳಗೆ ನಡೆದು ಇಳಿ. ನಾನೂ ಬರುತ್ತೇನೆ, ಬೆಳಿಗ್ಗೆ ಆರಕ್ಕೆ ಪಾದದ ಹತ್ತಿರ ಕಾಯುತ್ತಿರು.

ನಿನ್ನ ಮಾವ